ಮೋಡದೊಳಗೆ ಹೋದ ವಿಮಾನ

1999 ಏಪ್ರಿಲ್ 6, ಬೆಳಿಗ್ಗೆ

ಮತ್ತೆ ಎಡಮಗ್ಗುಲು. ಸುಜಯ್ ಫ್ಲಾಸ್ಕಿನಲ್ಲಿ ಕಾಫಿ ಇಟ್ಟು ಆಫೀಸಿಗೆ ಹೊರಟರು, ಕೊಲ್ಲಿಯ ಸೇತುವೆ ದಾಟಿ ಆಚೆ ದಡಕ್ಕೆ. ನನಗೆ ಏಳನೆಯ ತಿಂಗಳು. ಪೂರ್ತಿ ಬೆಡ್ ರೆಸ್ಟು. ಹೋದ ಸಲದಂತೆ ಆಗಬಾರದು... ಅದನ್ನು ಬರೆಯುವುದು ಬೇಡ.

ಪಕ್ಕದ ಅಪಾರ್ಟ್‌ಮೆಂಟಿನ ವಿಲ್ಬರ್ ಅಜ್ಜ ಬಂದರು. ಎರಡನೆಯ ಮಹಾಯುದ್ಧದಲ್ಲಿ ಬಂಗಾಳದಿಂದ ಬರ್ಮಾಕ್ಕೆ ಹಾರುತ್ತಿದ್ದ ಭಾರಿ ಬಾಂಬರುಗಳ ಸ್ಕ್ವಾಡ್ರನ್ನಿನಲ್ಲಿ ನ್ಯಾವಿಗೇಟರ್ ಆಗಿದ್ದವರು, ಅಂದರೆ ದಾರಿ ಹೇಳುವವರು. ಆ ಸ್ಕ್ವಾಡ್ರನ್ನಿನ ಚರಿತ್ರೆಗೊಂದು ವೆಬ್‌ಸೈಟು ಮಾಡುತ್ತಿದ್ದೇವೆ. ಅವರು ಹೇಳುವುದು, ನಾನು ಮಲಗಿಯೇ ಟೈಪ್ ಮಾಡುವುದು.

ನಾಲ್ಕು ಎಂಜಿನ್, ಹತ್ತು ಜನ. ಹೋಗಿಬರಲು ಇಡೀ ದಿನ. ಮೊರೆತಕ್ಕೆ ಎಲ್ಲರಿಗೂ ಜೋಂಪು ಹತ್ತುತ್ತಿತ್ತಂತೆ. ಕೇಳುತ್ತ ಕೇಳುತ್ತ ನನಗೂ...

ಏಪ್ರಿಲ್ 9

ಎಂಜಿನ್ ಬದಲಿಸಲು ಅಜ್ಜ ಒಮ್ಮೆ ಬೆಂಗಳೂರಿಗೆ ಬಂದಿದ್ದರಂತೆ! ಕಲಿತದ್ದು ಒಂದೇ ಮಾತು: "ಬೇಗ ಬೇಗ." ಅದನ್ನು ಬಲು ನಿಧಾನವಾಗಿ ಹೇಳಿದರು. ನಕ್ಕೆ. ಮಗು ಒದೆಯಿತು.

ಸೇತುವೆಗಳ ಮೇಲೆ ಬಾಂಬು ಹಾಕಿದ್ದು ಬರೆಸಿದರು. ಕೆಳಗೆ ಜನ ಇರಲಿಲ್ಲವೇ ಎಂದೆ.

"ಇದ್ರು. ಅದನ್ನೂ ಬರಿ."

ಏಪ್ರಿಲ್ 14

ಸೈಟಿಗೆ ಇಮೇಲ್. ಒಹಾಯೋದಿಂದ, ಎಡಿತ್ ಎಂಬ ಮುದುಕಿ ಮೊಮ್ಮಗಳ ಕೈಲಿ ಬರೆಸಿದ್ದಾರೆ. ಅವರ ತಮ್ಮ ರೇ ಇದೇ ಸ್ಕ್ವಾಡ್ರನ್ನಿನವನು. ವಿಮಾನ ಕಾಣೆ ಎಂದಷ್ಟೇ ಸೈನ್ಯದ ತಂತಿ ಬಂದಿತ್ತು. ಅವನನ್ನು ಕೊನೆಗೆ ಕಂಡವರು ಯಾರಾದರೂ ಇದ್ದೀರಾ?

ಓದಿ ಹೇಳಿದೆ. ಅಜ್ಜ ಎದ್ದು ನಿಂತರು.

"ನಾನು ವಾಪಸ್ ಬಂದೆ, ಅವನು ಬರಲಿಲ್ಲ. ಅಕ್ಕನಿಗೆ ಏನಂತ ಹೇಳಲಿ? ಉತ್ತರ ಬೇಡ."

ಏಪ್ರಿಲ್ 23

ಅಜ್ಜ ಅಂದಿನಿಂದ ಬಂದಿಲ್ಲ. ಗೋಡೆಯಾಚೆ ಟಿವಿ ಸದ್ದು ಮಾತ್ರ.

"ಬಿಡು ಹಂಸಾ, ಫೋರ್ಸ್ ಮಾಡ್ಬೇಡ. ನಿಂಗೂ ಟೆನ್ಷನ್ನು" ಎಂದರು ಸುಜಯ್.

"ಆಯಮ್ಮ ಅಷ್ಟು ವರ್ಷದಿಂದ ಕಾಯ್ತಿದಾರೆ ಕಣ್ರೀ."

ಮಧ್ಯಾಹ್ನದ ನಿದ್ದೆಯಲ್ಲಿ ಹಾಸಿಗೆ ತೇಲಿತು. ಕೆಳಗೆ ಕೊಲ್ಲಿಯಂಚಿನ ಉಪ್ಪಿನ ಮಡಿಗಳು, ಗುಲಾಬಿ, ಹಸಿರು, ತುಕ್ಕಿನ ಬಣ್ಣ. ಎಲ್ಲಿದ್ದೇವೆ ಎಂದು ಯಾರೋ ಕೇಳಿದರು. ಗೊತ್ತಿರಲಿಲ್ಲ.

ಏಪ್ರಿಲ್ 27

ಗೋಡೆ ತಟ್ಟಿದೆ. ಅಜ್ಜ ಗಾಬರಿಯಾಗಿ ಓಡಿಬಂದರು. ನನಗೇನೂ ಆಗಿಲ್ಲ ಎಂದೆ. ಆಮೇಲೆ ಹೇಳಿಬಿಟ್ಟೆ, ಮೊದಲ ಮಗಳ ವಿಷಯ. ಉಸಿರಿಲ್ಲದೆ ಹುಟ್ಟಿದವಳು.

"ಮುಖ ನೋಡ್ತೀಯಾ ಅಂತ ಕೇಳಿದ್ರು. ಬೇಡ ಅಂದೆ. ನೋಡಿದ್ದು ನರ್ಸ್ ಒಬ್ಬಳೇ. ಹೇಗಿದ್ದಳು ಅಂತ ಈಗ ಯಾರನ್ನ ಕೇಳಲಿ, ಅಜ್ಜ?"

ಅಜ್ಜ ಕುರ್ಚಿಯನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡರು.

"ಟೈಪ್ ಮಾಡು."

ಪ್ರಿಯ ಎಡಿತ್, ನಾನು ಕಂಡೆ. ಬಾಂಬು ಹಾಕಿ ಮರಳುತ್ತಿದ್ದೆವು. ರೇ ನಮ್ಮ ಪಕ್ಕದ ವಿಮಾನದಲ್ಲಿದ್ದ, ಕಿಟಕಿಯಲ್ಲಿ. ಬೆಂಕಿಯಿಲ್ಲ, ಹೊಗೆಯಿಲ್ಲ. ನನ್ನತ್ತ ಕೈ ಬೀಸಿದ. ಎದುರಿಗೆ ದೊಡ್ಡ ಬಿಳಿ ಮೋಡ. ಎರಡೂ ವಿಮಾನ ಒಳಗೆ ಹೋದವು. ಹೊರಗೆ ಬಂದದ್ದು ನಮ್ಮದು. ಸುತ್ತು ಹಾಕುತ್ತ ಕಾದೆವು, ಇನ್ನು ಕಾದರೆ ಮನೆ ಮುಟ್ಟುವುದಿಲ್ಲ ಎನ್ನುವವರೆಗೆ. ಅವನು ಹೆದರಿರಲಿಲ್ಲ. ನಗುತ್ತಿದ್ದ.

"ಕಳ್ಸು" ಎಂದರು. ಮೋಡೆಮ್ ಕಿರುಗುಟ್ಟಿತು. ಹೋಯಿತು.

ಮೇ 2, ಭಾನುವಾರ

ಗೋಡೆಯಾಚೆ ಫೋನು. ಅಜ್ಜ ನಗುವುದು ಕೇಳಿಸಿತು. ಅಳುವುದೂ. ಆಮೇಲೆ ಬಾಗಿಲಲ್ಲಿ ನಿಂತರು, ಮೂಗು ಕೆಂಪು.

"ಎಡಿತ್. ರೇ ಸ್ಕೂಲ್ ಬಸ್ಸಿಂದಾನೂ ಹಾಗೇ ಕೈ ಬೀಸ್ತಿದ್ನಂತೆ, ಬಸ್ಸು ತಿರುಗೋವರೆಗೂ. ಬೇಸಿಗೆಗೆ ಬಾ ಅಂದಿದಾಳೆ."

ಜೂನ್ 8, ಆಸ್ಪತ್ರೆ

ಬೆಳಿಗ್ಗೆಯಿಂದ ನೋವು. ಸುಜಯ್ ಸೇತುವೆಯ ಟ್ರಾಫಿಕ್ಕಿನಲ್ಲಿ. ಅಜ್ಜನೇ ಕರೆತಂದರು. ಮಾನಿಟರಿನಲ್ಲಿ ಮಗುವಿನ ಎದೆಬಡಿತ, ಕುದುರೆ ಓಡಿದಂತೆ. ಅಜ್ಜ ಕಣ್ಣು ಮುಚ್ಚಿ ಕೇಳುತ್ತಿದ್ದಾರೆ. ನೋವಿನ ನಡುವೆ ಎಲ್ಲ ಹಗುರ, ಮಂಪರು.

ಮಗು ಹುಟ್ಟಿದಾಗ ಒರೆಸಿ ಆಮೇಲೆ ಕೊಡಲೇ ಎಂದಳು ನರ್ಸ್.

"ಬೇಡ. ಹಾಗೇ ಕೊಡಿ. ಮೊದಲು ನಾನು ನೋಡಬೇಕು."

ಕಾರಿಡಾರಿನಲ್ಲಿ ಸುಜಯ್ ದನಿ. ಇನ್ನೊಂದು ನೋವು ಬರ್ತಿದೆ, ಜೋರಾಗಿ, ಪೆನ್ನು—