ಮೇಷ್ಟ್ರು ಹಿಡಿದ ಮಣಿಕಟ್ಟು

ಗುರುವಾರ ಮಧ್ಯಾಹ್ನ, ಅಂಗಡಿಯಿಂದ

ಪ್ರೀತಿಯ ಗಡಿಬಿಡಿಗೆ,

ಫೋನಿನಲ್ಲೇ ಹೇಳೋಣವೆಂದರೆ ನೀನು ಮಾತು ಮುಗಿಸಲು ಬಿಡುವುದಿಲ್ಲ. ನಾನೂ ಮುಖ್ಯವಾದದ್ದು ನಾಲಿಗೆಯ ತುದಿಗೆ ಬಂದಾಗ ಬಿಸಿಲು, ಸೆಕೆ ಎಂದು ಏನೋ ಹೇಳಿ ಜಾರಿಕೊಳ್ಳುತ್ತೇನೆ. ಅದಕ್ಕೇ ಬಾಗಿಲು ಅರ್ಧ ಎಳೆದು ಬರೆಯಲು ಕೂತಿದ್ದೇನೆ. ಬೆಳಿಗ್ಗೆ ಒಬ್ಬರ ಕನ್ನಡಕಕ್ಕೆ ಎಡಗಣ್ಣಿನ ಗಾಜನ್ನು ಬಲಗಡೆ ಕೂರಿಸಿ ಕೊಟ್ಟು ಚೆನ್ನಾಗಿ ಬೈಸಿಕೊಂಡೆ. ಇದಕ್ಕೆಲ್ಲ ಕಾರಣ ನಿನ್ನ ಮೇಷ್ಟ್ರು.

ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿ ಮನೆಗೆ ಕಳಿಸುವಾಗ, ವ್ಯಾಯಾಮ ತರಬೇತಿಗೆ ತಪ್ಪದೆ ಬರಬೇಕೆಂದು ಡಾಕ್ಟರು ಹೇಳಿದ್ದನ್ನು ನಾನೂ ಕೇಳಿಸಿಕೊಂಡಿದ್ದೆ. ತಂಗಿಯ ಮನೆ ಆಸ್ಪತ್ರೆಗೆ ಹತ್ತಿರ, ಮುಗಿಯುವವರೆಗೆ ಅಲ್ಲೇ ಇರುತ್ತೇನೆ ಎಂದು ನೀನು ಹೊರಟಾಗ ತಡೆಯಲಿಲ್ಲ. ಆದರೆ ಅಂದಿನಿಂದ ಫೋನ್ ಎತ್ತಿದರೆ ಸಾಕು, ಅಲ್ಲಿ ವ್ಯಾಯಾಮ ಮಾಡಿಸುವ ಮೇಷ್ಟ್ರ ಪುರಾಣ. ಮೇಷ್ಟ್ರು ಇವತ್ತು ವೇಗ ಹೆಚ್ಚಿಸಿದರು, ಮೇಷ್ಟ್ರು ಭಾರ ಎತ್ತಿಸಿದರು, ಮೇಷ್ಟ್ರಿಗೆ ನನ್ನ ಉಸಿರು ಕೇಳಿದರೇ ಎಲ್ಲ ಗೊತ್ತಾಗುತ್ತೆ! ಅರ್ಧ ಆಯುಸ್ಸು ಆ ಉಸಿರಿನ ಪಕ್ಕದಲ್ಲೇ ಮಲಗಿದವನು ನಾನು. ನನಗೇನೂ ಗೊತ್ತಾಗಲಿಲ್ಲವೇ?

ಆಸ್ಪತ್ರೆಯಿಂದ ನಿನ್ನನ್ನು ಮನೆಗೆ ಕರೆತಂದ ಮೇಲೆ, ನೀನು ತಂಗಿಯ ಮನೆಗೆ ಹೊರಡುವವರೆಗೆ ನಾನೇನು ಕಡಿಮೆ ಮಾಡಿದೆ ಹೇಳು. ಬಕೆಟ್ ಮುಟ್ಟಲು ಬಿಡಲಿಲ್ಲ, ಕಸಪೊರಕೆ ಅಡಗಿಸಿಟ್ಟೆ. ನೀನು ಅಡುಗೆಮನೆಯಿಂದ ಜಗಲಿಗೆ ಹೋದರೆ ಹಿಂದೆಯೇ ಕುರ್ಚಿ ಹೊತ್ತುಕೊಂಡು ಬರುತ್ತಿದ್ದೆ. ಎದುರುಮನೆಯವರು, ಮೇಡಂಗೆ ಮಂತ್ರಿ ಪದವಿ ಸಿಕ್ತಾ ಅಂತ ನಕ್ಕರು. ನೀನು ನಗಲಿಲ್ಲ. "ನೀವು ಕುರ್ಚಿ ಇಟ್ಟಾಗೆಲ್ಲ ನಾನು ಇಲ್ಲೇ ಬೀಳ್ತೀನೇನೋ ಅನ್ಸುತ್ತೆ ರೀ" ಎಂದೆ. ಆ ಮಾತು ನನಗೆ ಚುಚ್ಚಿತೇ ಹೊರತು ಅರ್ಥವಾಗಲಿಲ್ಲ.

ಹೋದ ವಾರ ಹೇಳದೆ ಕೇಳದೆ ಆಸ್ಪತ್ರೆಗೆ ಬಂದಿದ್ದೆ. ನಿನಗೆ ಗೊತ್ತಿಲ್ಲ. ವ್ಯಾಯಾಮದ ಕೋಣೆಯ ಗಾಜಿನ ಬಾಗಿಲ ಹೊರಗೆ ನಿಂತಿದ್ದೆ. ನೀನು ಸೈಕಲ್ ಯಂತ್ರ ತುಳಿದು ಆಗಷ್ಟೇ ಇಳಿದಿದ್ದೆ. ಕುತ್ತಿಗೆಯೆಲ್ಲ ಬೆವರು. ಮೇಷ್ಟ್ರು ಅನ್ನಿಸಿಕೊಂಡ ಆ ಮನುಷ್ಯ ನಾಡಿ ನೋಡಲು ನಿನ್ನ ಬಲಗೈ ಹಿಡಿದ. ಸ್ಟೆಂಟ್ ಹಾಕಲು ನಳಿಕೆ ತೂರಿಸಿದ್ದರಲ್ಲ, ಅದೇ ಮಣಿಕಟ್ಟು. ಅದು ಕಂದಿ ನೀಲಿಗಟ್ಟಿದ್ದನ್ನು ಕಂಡ ಮೇಲೆ ಮುಟ್ಟಲು ನನ್ನ ಕೈ ಏಳಲಿಲ್ಲ. ಅವನು ಪೆನ್ನು ಹಿಡಿದಷ್ಟು ಸಲೀಸಾಗಿ ಹಿಡಿದಿದ್ದ. ನೀನು ಏನೋ ಹೇಳಿ ತಲೆ ಹಿಂದಕ್ಕೆ ಚೆಲ್ಲಿ ನಕ್ಕೆ. ಮನೆಯಲ್ಲಿ ಆ ನಗು ಕೇಳಿ ಎಷ್ಟು ಕಾಲವಾಯಿತು! ಅವನಿಗೆ ತಲೆ ತುಂಬ ಕೂದಲು ಬೇರೆ. ಯಾರು ಬೇಕಿತ್ತು ಎಂದು ನರ್ಸ್ ಕೇಳಿದರೆ, ಕನ್ನಡಕ ಕೊಡೋಕೆ ಬಂದಿದ್ದೆ, ವಿಳಾಸ ತಪ್ಪಿತು ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆ.

ಮೊನ್ನೆ ಮಂಗಳವಾರ ಸುಮ್ಮನಿರಲಾಗಲಿಲ್ಲ. ಜಗಳ ಆಡಿಯೇ ಬರುತ್ತೇನೆಂದು ಮತ್ತೆ ಹೋದೆ. ನೀವೆಲ್ಲ ಹೊರಟುಹೋಗುವವರೆಗೆ ಕಾದು ಒಳಗೆ ನುಗ್ಗಿ, ಆಪರೇಷನ್ ಆದವಳಿಂದ ಭಾರ ಎತ್ತಿಸುತ್ತೀರಲ್ಲ, ಹೆಚ್ಚುಕಮ್ಮಿಯಾದರೆ ಯಾರು ಹೊಣೆ ಎಂದು ಕೂಗಾಡಿದೆ. ಅವರು ಸಿಟ್ಟಾಗಲಿಲ್ಲ. (ನೋಡು, ಅವನು ಹೋಗಿ ಅವರು ಆದರು.) ನನ್ನನ್ನು ನಡೆಯುವ ಯಂತ್ರದ ಮೇಲೆ ಹತ್ತಿಸಿ, "ಈಗ ಬೈಯಿರಿ ಸಾರ್. ನಡೀತಾ ಮಾತಾಡೋಕಾದ್ರೆ ವೇಗ ಸರಿಯಾಗಿದೆ ಅಂತ ಅರ್ಥ" ಎಂದರು.

ಬೈಯುತ್ತಾ ನಡೆದೆ. ಸ್ವಲ್ಪ ಹೊತ್ತಿಗೆ ಬೈಗುಳ ಮುಗಿಯಿತು, ನಿನ್ನ ವಿಷಯ ಶುರುವಾಯಿತು. ಶಾಲೆಯ ಪುಟ್ಟ ಮಕ್ಕಳ ಹಿಂದೆ ನೀನು ಓಡುವುದು, ನಿನ್ನ ಜೊತೆ ಸಂತೆಗೆ ಹೊರಟರೆ ನಾನು ಯಾವಾಗಲೂ ಹಿಂದೆ ಬೀಳುವುದು. ಆಂಬುಲೆನ್ಸಿನಲ್ಲಿ ನಿನ್ನ ಚಪ್ಪಲಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದನ್ನೂ ಹೇಳಿದೆ. ನಿನಗೂ ಅದನ್ನು ಹೇಳಿರಲಿಲ್ಲ. ಮಾತು ನಿಲ್ಲಿಸಿ ಯಂತ್ರದ ಹಿಡಿ ಹಿಡಿದುಕೊಂಡೆ. ಅವರು ಯಂತ್ರ ನಿಲ್ಲಿಸಿ, "ಯಾವುದು ಆಯಾಸ, ಯಾವುದು ಅಪಾಯ ಅಂತ ನಿಮ್ಮ ಮನೆಯವರಿಗೆ ಈಗ ಚೆನ್ನಾಗಿ ಗೊತ್ತಾಗುತ್ತೆ. ಭಯ ನಿಮಗೆ ಉಳ್ಕೊಂಡಿದೆ ಅಷ್ಟೆ" ಎಂದರು.

ಇಷ್ಟಾದರೂ ಹೊಟ್ಟೆಕಿಚ್ಚು ಆರಿದೆ ಎಂದು ತಿಳಿಯಬೇಡ. ನಿನ್ನ ಮೊದಲ ಧೈರ್ಯದ ಹೆಜ್ಜೆ ಕಂಡವರು ಅವರು, ಅದು ನನಗೆ ಇನ್ನು ಸಿಗುವುದಿಲ್ಲ. ಆದರೆ ಮುಂದಿನ ಹೆಜ್ಜೆಗಳೂ ಇವೆಯಲ್ಲ? ಭಾನುವಾರ ಬರುತ್ತೇನೆ. ನಿನ್ನ ತಂಗಿಯ ಮನೆಯ ಹತ್ತಿರ ಕೆರೆ ಏರಿಯ ಮೇಲೆ ನಡೆಯೋಣ. ನೀನು ಮುಂದೆ ಹೋದರೆ ಹೋಗು. ನಿಲ್ಲು ಎಂದು ಕೂಗುವುದಿಲ್ಲ.

ಎಂದಿಗೂ ನಿನ್ನ ಹಿಂದೆಯೇ ಇರುವ,
ನಿಧಾನಿ

ತಾ.ಕ.: ಮೇಷ್ಟ್ರು ಮಾತಿನ ಭರದಲ್ಲಿ ಇನ್ನೊಂದು ವಿಷಯ ಹೇಳಿಬಿಟ್ಟರು. ನಿನ್ನ ತರಬೇತಿ ಹೋದ ತಿಂಗಳೇ ಮುಗಿದಿದೆಯಂತೆ. ಈಗ ಹೊಸದಾಗಿ ಬಂದವರ ಜೊತೆ ಸೈಕಲ್ ತುಳಿದು ಅವರಿಗೆ ಧೈರ್ಯ ಹೇಳಲು, ನಿನ್ನಿಷ್ಟದಿಂದ ಹೋಗುತ್ತೀಯಂತೆ. ನನ್ನ ಹತ್ತಿರ ಮಾತ್ರ ನೀನು, ತರಬೇತಿ ಇನ್ನೂ ಮುಗಿದಿಲ್ಲ ಎನ್ನುತ್ತಿದ್ದೆ. ಏಕೆ ಎಂದು ಕೇಳುವುದಿಲ್ಲ, ಗೊತ್ತಾಗಿದೆ. ಇಷ್ಟು ದಿನ ಹೊಟ್ಟೆಕಿಚ್ಚುಪಡಲು ಒಬ್ಬ ಮನುಷ್ಯನಾದರೂ ಇದ್ದ. ಈಗ ಕುರ್ಚಿ ಹೊತ್ತು ಹಿಂದೆ ಬರುವ ನಾನಿಲ್ಲದ, ನಿನ್ನ ತಂಗಿಯ ಮನೆಯ ಮೇಲೆ ಕಿಚ್ಚುಪಡುತ್ತಿದ್ದೇನೆ. ಭಾನುವಾರ ಬಾ ಎಂದರೆ ಬರುತ್ತೇನೆ. ಬೇಡ ಎಂದರೆ ಅದನ್ನಾದರೂ ನಿಜ ಹೇಳು.