ತಾಯಿ ಯಾಕೆ ಮಾತಾಡುವುದಿಲ್ಲ

ಜೂನ್ 3, ಬುಧವಾರ, ಬೆಳಿಗ್ಗೆ

ಲೈಬ್ರರಿಯ ಪ್ರಶ್ನೆ ಡಬ್ಬಿ ತೆರೆದೆ. ಒಂಬತ್ತು ಚೀಟಿ. ತಿಂಗಳಿಗೊಂದು ಪುಸ್ತಕ ಅಂತ ಶುರುವಾದ ಓದುಗರ ಬಳಗ, ಈ ಹಳೆಯ ನಾಟಕಕ್ಕೆ ಬಂದು ಆರನೇ ವಾರವೂ ಅಲ್ಲೇ ಬೀಡುಬಿಟ್ಟಿದೆ. ಐದು ಅಂಕ, ಏಳು ಹೆಣ. ಕೋಟೆಯ ದಳಪತಿಯನ್ನು ಅವನ ಜೊತೆಗಾರನೇ ಕೊಲ್ಲುತ್ತಾನೆ. ದಳಪತಿಯ ಮಗಳು ಸೇಡಿಗೆ ಹೊರಡುತ್ತಾಳೆ. ಕೊನೆಗೆ ಅವಳೂ ಉಳಿಯುವುದಿಲ್ಲ.

ಉತ್ತರ ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದ್ದು ಲೈಬ್ರೇರಿಯನ್ ಮೇಡಂ. “ಮೂರು ವರ್ಷದಿಂದ ಬರೀ ಸೀಲ್ ಒತ್ತುತಾ ಇದೀರಿ. ಏನಾದ್ರೂ ಬರೀರಿ” ಅಂದರು. ಪ್ರತಿ ಶನಿವಾರ ಬೋರ್ಡಿಗೆ ಅಂಟಿಸಬೇಕು.

ಟೈಲರ್ ಅಜ್ಜ ಕೇಳಿದ್ದಾರೆ — “ಎಲ್ಲರೂ ಸತ್ತ ಮೇಲೆ ಹೆಣ ಎತ್ತುವವರು ಯಾರು? ನಾಟಕ ಬರೆದವರು ಈ ಬಗ್ಗೆ ಯೋಚಿಸಿದ ಹಾಗಿಲ್ಲ.” ನರ್ಸಮ್ಮನ ತಕರಾರು — “ಅಷ್ಟು ವಿಷ ಕುಡಿದವನು ಎರಡು ಪುಟ ಮಾತಾಡಲಾರ. ನಾನು ಕಂಡಿದ್ದೇನೆ.” ಒಬ್ಬಳೇ ಕೂತು ನಕ್ಕೆ.

ಕೊನೆಯ ಚೀಟಿಯಲ್ಲಿ ಹೆಸರಿಲ್ಲ. “ಮೂರನೇ ಅಂಕದಲ್ಲಿ ಕೊಂದವನು ಬೆನ್ನು ಮಾಡಿ ಕೂತು ತನ್ನ ಮಗುವಿನ ಕಾಲು ತೊಳೆಯುತ್ತಿದ್ದ. ಅವಳ ಕೈಯಲ್ಲಿ ಚೂರಿಯಿತ್ತು. ಯಾಕೆ ವಾಪಸ್ ಬಂದಳು? ಹೇಡಿಯೇ?”

ಎಡಗೈಯಲ್ಲಿ ಬರೆದ ಹಾಗೆ ಸೊಟ್ಟ ಅಕ್ಷರ. ಗುರುತು ಸಿಗಬಾರದು ಅಂತ. ಆದರೆ ‘ಳ’ದ ಬಾಲ ಮುಂದಿನ ಅಕ್ಷರದ ಕೆಳಗಿನವರೆಗೂ ಎಳೆದಿದೆ. ಅಪ್ಪನಿಂದ ಬಂದ ಅಭ್ಯಾಸ. ಯಾವ ಕೈಗೆ ಕೊಟ್ಟರೂ ಬಿಡದು.

ನನ್ನ ಮಗಳು. ಮನೆಯಲ್ಲಿ ದಿನಕ್ಕೆ ಹತ್ತು ಮಾತಾಡದವಳು ನನಗೆ ಪ್ರಶ್ನೆ ಹಾಕಿದ್ದಾಳೆ.

ಜೂನ್ 6, ಶನಿವಾರ, ಸಂಜೆ

ನಾಲ್ಕು ಸಲ ಹರಿದು ಬರೆದೆ. ಕೊನೆಗೆ ಅಂಟಿಸಿದ್ದು — “ಹೇಡಿಯಲ್ಲ. ಅವಳು ಹುಡುಕಿಕೊಂಡು ಹೋದದ್ದು ತಂದೆಯನ್ನು ಕೊಂದವನನ್ನು. ಅಲ್ಲಿ ಕಂಡದ್ದು ಇನ್ನೊಂದು ಮಗುವಿನ ತಂದೆ. ಇಬ್ಬರೂ ಒಬ್ಬನೇ ಎಂಬುದನ್ನು ಅರಗಿಸಿಕೊಳ್ಳಲು ಹೊತ್ತು ಬೇಕಿತ್ತು.”

ಕಾಲೇಜಿನಿಂದ ಬಂದವಳು ಒಗೆದ ಬಟ್ಟೆ ಮಡಚಲು ಪಕ್ಕದಲ್ಲಿ ಕೂತಳು. ಅದೇ ಒಂದು ಆಶ್ಚರ್ಯ.

“ಬೋರ್ಡಲ್ಲಿ ಬರ್ದಿರೋದು ನೀನಾ ಅಮ್ಮಾ?”

“ಹೂಂ. ಹೇಗಿದೆ?”

“ಚೆನ್ನಾಗಿ ಜಾರ್ಕೊಂಡಿದೀಯ.”

ಬೈದಳೋ ಹೊಗಳಿದಳೋ… ಆದರೂ ಖುಷಿಯಾಯಿತು. ಟವೆಲಿನ ಒಂದು ತುದಿ ಅವಳು ಹಿಡಿದಳು, ಇನ್ನೊಂದು ನಾನು. ಈ ಮನೆಯಲ್ಲಿ ಹೀಗೆ ಎದುರುಬದುರು ನಿಂತು ಎಷ್ಟು ದಿನವಾಯಿತು.

ಜೂನ್ 10, ಬುಧವಾರ, ಮಧ್ಯಾಹ್ನ

ಇವತ್ತಿನ ಚೀಟಿ, ಅದೇ ‘ಳ’ದ ಬಾಲ —

“ಎರಡನೇ ಅಂಕದ ನಂತರ ತಾಯಿ ಒಂದು ಮಾತೂ ಆಡುವುದಿಲ್ಲ. ಪ್ರತಿ ದೃಶ್ಯದಲ್ಲೂ ಇರುತ್ತಾಳೆ. ದೀಪ ಹಚ್ಚುತ್ತಾಳೆ, ನೀರು ತಂದಿಡುತ್ತಾಳೆ. ಯಾಕೆ ಮಾತಾಡುವುದಿಲ್ಲ? ಅವಳಿಗೆ ಏನೋ ಗೊತ್ತಿತ್ತೇ?”

ಸೀಲ್ ಕೈಯಿಂದ ಜಾರಿ ಮೇಜಿನ ಮೇಲೆಲ್ಲ ನೀಲಿ. ಮೇಡಂ “ಹುಷಾರಿಲ್ವಾ?” ಅಂದರು. ಬಿಸಿಲು ಅಂದೆ.

ಇದನ್ನು ಎಲ್ಲೂ ಬರೆದಿಲ್ಲ. ಇಲ್ಲಾದರೂ ಬರೆಯುತ್ತೇನೆ.

ನಾಲ್ಕು ವರ್ಷದ ಹಿಂದೆ, ಲೈನ್‌ಮನ್ ಆಗಿದ್ದ ನಮ್ಮನೆಯವರು ಕಂಬದ ಮೇಲಿದ್ದಾಗ ಲೈನಿಗೆ ಕರೆಂಟು ಬಂತು. ಅಲ್ಲೇ ಹೋದರು. ಸಬ್‌ಸ್ಟೇಷನ್ನಿನಲ್ಲಿ ಸ್ವಿಚ್ ಹಾಕಿದವನು ಇವರ ಜೀವದ ಗೆಳೆಯ. ದೊಡ್ಡ ಮೀಸೆಯಿತ್ತು, ಮಗಳು ಮೀಸೆ ಮಾಮ ಅಂತಲೇ ಕರೆಯುತ್ತಿದ್ದಳು. ಅವನ ಹೆಗಲ ಮೇಲೆ ಕೂತೇ ಬೆಳೆದವಳು. ವಿಚಾರಣೆಯಲ್ಲಿ ಅವನು ಹೇಳಿದ್ದು — “ಲೈನ್ ಆಫ್ ಇರಲಿ ಅಂತ ಅವನು ಚೀಟಿ ಬರೆದು ಕೊಟ್ಟಿದ್ದ. ನಾನು ಕಳೆದು ಹಾಕಿದೆ. ಮರೆತು ಸ್ವಿಚ್ ಹಾಕಿದೆ.” ಕೆಲಸ ಹೋಯಿತು. ಊರು ಉಗಿಯಿತು. ನನ್ನ ಹನ್ನೆರಡು ವರ್ಷದ ಮಗಳು ಅವನ ಮುಖ ನೋಡಲ್ಲ ಅಂದಳು.

ಚೀಟಿ ಇರಲೇ ಇಲ್ಲ.

ಇವರು ಯಾವತ್ತೂ ಚೀಟಿ ಬರೆಯುತ್ತಿರಲಿಲ್ಲ. ಅಷ್ಟು ದೂರ ಯಾರು ನಡೀತಾರೆ ಅಂತ ಫೋನಿನಲ್ಲೇ “ಹತ್ತು ನಿಮಿಷ ಆಫ್ ಮಾಡು” ಅನ್ನುವುದು. ಹತ್ತು ನಿಮಿಷ ಕಳೆದರೆ ಅವನು ಹಾಕುವುದು. ಎಷ್ಟೋ ವರ್ಷ ಹಾಗೇ ನಡೆದಿತ್ತು. ಆ ದಿನ ಕರೆಂಟು ನೆಲಕ್ಕಿಳಿಯುವ ಹಾಗೆ ತಂತಿಗೆ ಅರ್ಥಿಂಗ್ ಕೂಡ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಉಳಿಯುತ್ತಿದ್ದರೇನೋ. ಕೆಲಸ ಹತ್ತು ನಿಮಿಷದಲ್ಲಿ ಮುಗಿಯಲಿಲ್ಲ, ಅಷ್ಟೇ.

ಮೂರನೇ ದಿನ ಅವನೇ ಬಂದು ಹೇಳಿದ. “ಅವನ ತಪ್ಪು ಅಂತ ಬರ್ಕೊಂಡ್ರೆ ನಿಮಗೆ ಪೆನ್ಷನ್ ಕೂಡ ಬರಲ್ಲ ಅತ್ತಿಗೆ. ನಾನು ನೋಡ್ಕೋತೀನಿ. ನೀವು ಮಾತ್ರ ಸುಮ್ನಿರಿ.”

ಸುಮ್ಮನಿದ್ದೆ.

ಜೂನ್ 12, ಶುಕ್ರವಾರ, ಬೆಳಿಗ್ಗೆ 9

ಲೈಬ್ರರಿಗೆ ಬರುವ ದಾರಿಯಲ್ಲಿ ಮೋಟಾರ್ ರಿಪೇರಿ ಅಂಗಡಿಯ ಮುಂದೆ ಜನ. ಮುಚ್ಚಿದ ಶಟರಿನ ಮೇಲೆ ಕೆಂಪು ಪೇಂಟಿನಲ್ಲಿ ‘ಕೊಲೆಗಾರ’. ಒಬ್ಬ ಬಗ್ಗಿಕೊಂಡು ಸೀಮೆಎಣ್ಣೆ ಬಟ್ಟೆಯಿಂದ ಉಜ್ಜುತ್ತಿದ್ದಾನೆ. ಮೊದಲು ಗುರುತೇ ಸಿಗಲಿಲ್ಲ. ಮೀಸೆ ಬೋಳಿಸಿಬಿಟ್ಟಿದ್ದಾನೆ.

ಊರಿಗೆ ವಾಪಸ್ ಬಂದಿದ್ದಾನೆ ಅಂತಲೇ ನನಗೆ ತಿಳಿದಿರಲಿಲ್ಲ. ಮಗಳ ಕಾಲೇಜು ಎದುರಿನ ಬೀದಿ. ಅವಳಿಗೆ ತಿಳಿದಿತ್ತು.

ಜನ ಚದುರಿದ ಮೇಲೆ ಹತ್ತಿರ ಹೋದೆ. ಗಾಬರಿಯಾಗಿ ಎದ್ದು ನಿಂತ.

“ನೀವು ಹೋಗಿ ಅತ್ತಿಗೆ. ನೋಡಿದೋರು ಏನಂದ್ಕೋತಾರೆ.”

“ಯಾರು ಬರ್ದಿದ್ದು ಗೊತ್ತಾಯ್ತಾ?”

“ಇಲ್ಲ.” ಬಟ್ಟೆ ಹಿಂಡಿದ. “ಅಕ್ಷರ ಮಾತ್ರ ದುಂಡಗಿದೆ. ಓದಿನಲ್ಲಿ ಮುಂದಿರ್ಬೇಕು.”

ನಕ್ಕ. ಯಾರ ಕೈ ಅಂತ ಅವನಿಗೆ ಗೊತ್ತು, ಆ ನಗೆಯಲ್ಲೇ ತಿಳಿಯಿತು.

“ಮಾಲೀಕರು ಏನಂದ್ರು?”

“ಇನ್ನೊಂದು ಸಲ ಆದ್ರೆ ಬೇರೆ ಕಡೆ ನೋಡ್ಕೋ ಅಂದ್ರು. ನೋಡ್ಕೊಂಡ್ರಾಯ್ತು ಬಿಡಿ. ಇದು ಐದನೇ ಅಂಗಡಿ.”

ಐದನೇ ಅಂಗಡಿ. ನಾನು ಇಲ್ಲಿ ಮುದ್ರೆ ಒತ್ತುತ್ತಾ, ಫ್ಯಾನಿನ ಕೆಳಗೆ…

ಅದೇ ದಿನ, ಸಂಜೆ

ಊಟದ ತಟ್ಟೆ ಹಿಡಿದ ಮಗಳ ಕೈ ನೋಡಿದೆ. ಹೆಬ್ಬೆರಳ ಉಗುರಿನ ಸಂದಿಯಲ್ಲಿ ಕೆಂಪು. ತೊಳೆದಿದ್ದಾಳೆ, ಹೋಗಿಲ್ಲ. ನಾನು ನೋಡಿದ್ದನ್ನು ಅವಳೂ ನೋಡಿದಳು. ಕೈ ಮರೆಮಾಡಲಿಲ್ಲ.

ಬೈಯಬೇಕು ಅಂತ ಬಾಯಿ ತೆರೆದೆ. ಯಾವ ಮುಖ ಇಟ್ಟುಕೊಂಡು ಬೈಯಲಿ? ಪೇಂಟು ಅವಳದ್ದು. ಆ ಪದ ನಾನು ಬೆಳೆಸಿದ್ದು. ನಾಲ್ಕು ವರ್ಷ, ನೀರೆರೆದು.

ಜೂನ್ 13, ಶನಿವಾರ, ಮಧ್ಯಾಹ್ನ

ಬೋರ್ಡಿಗೆ ಉಳಿದೆಲ್ಲ ಉತ್ತರ ಅಂಟಿಸಿದೆ. ತಾಯಿಯ ಪ್ರಶ್ನೆಗೆ ಜಾಗ ಖಾಲಿ ಬಿಟ್ಟೆ. ಟೈಲರ್ ಅಜ್ಜ ಕನ್ನಡಕ ಏರಿಸಿ “ಇದೇನಮ್ಮಾ, ಒಳ್ಳೆ ಪ್ರಶ್ನೆಗೇ ಕೈಕೊಟ್ಟೆಯಲ್ಲ” ಅಂದರು. ಅರ್ಧ ದಿನ ರಜೆ ಹಾಕಿ ಮನೆಗೆ ಬಂದೆ.

ಮಗಳನ್ನು ಅಡುಗೆಮನೆಯ ನೆಲದ ಮೇಲೆ ಕೂರಿಸಿಕೊಂಡು ಹೇಳಿದೆ. ಫೋನು, ಹತ್ತು ನಿಮಿಷ, ಇಲ್ಲದ ಚೀಟಿ, ಅರ್ಥಿಂಗ್, ಪೆನ್ಷನ್.

“ಹಂಗಾದ್ರೆ ತಪ್ಪು ಅಪ್ಪಂದು ಅಂತೀಯಾ?”

“ಇಬ್ರದ್ದೂ. ನಿಮ್ಮಪ್ಪ ಅವಸರದವರು. ಅವನು ಕೇಳ್ದೆ ಸ್ವಿಚ್ ಹಾಕಿದ. ಆದ್ರೆ ಹೊತ್ಕೊಂಡಿದ್ದು ಅವನೊಬ್ನೇ.”

“ಮತ್ತೆ ನಿಂದು?”

“ನಂದು ಇವೆರಡಕ್ಕಿಂತ ಉದ್ದ. ಅವರದ್ದು ಹತ್ತು ನಿಮಿಷದ ತಪ್ಪು. ನಂದು ನಾಲ್ಕು ವರ್ಷದ್ದು.”

“ಯಾಕಮ್ಮಾ?”

“ನಿಂಗೆ ಅಪ್ಪ ಅಂದ್ರೆ ದೇವ್ರು. ನೀನು ಆಗ್ಲೇ ಒಬ್ಬ ಅಪ್ಪನ್ನ ಕಳ್ಕೊಂಡಿದ್ದೆ. ಮನಸ್ಸಲ್ಲಿ ಉಳ್ದಿದ್ದ ಅಪ್ಪನ್ನೂ ಕಿತ್ಕೊಳ್ಳೋಕೆ ಕೈ ಬರ್ಲಿಲ್ಲ.”

ಎದ್ದಳು. ಬ್ಯಾಗಿಗೆ ಎರಡು ಜೊತೆ ಬಟ್ಟೆ ತುರುಕಿದಳು. “ಚಿಕ್ಕಮ್ಮನ ಮನೆಗೆ ಹೋಗ್ತೀನಿ. ಕರಿಯೋಕೆ ಬರ್ಬೇಡ.”

ಚಪ್ಪಲಿ ಹಾಕುವಾಗ ಗೋಡೆ ಹಿಡಿದುಕೊಂಡಳು. ಮುಟ್ಟಲು ಧೈರ್ಯ ಸಾಲಲಿಲ್ಲ.

ಜೂನ್ 19

ತಂಗಿ ಫೋನು. “ಊಟ ಮಾಡ್ತಿದಾಳೆ, ಕಾಲೇಜಿಗೆ ಹೋಗ್ತಿದಾಳೆ. ನಿನ್ ವಿಷ್ಯ ಎತ್ತಿದ್ರೆ ಎದ್ದು ಹೋಗ್ತಾಳೆ. ಏನೇ ಅಕ್ಕಾ ಮಾಡ್ಕೊಂಡ್ರಿ?” ನಿಧಾನಕ್ಕೆ ಹೇಳ್ತೀನಿ ಅಂದೆ. ಒಂದು ಲೋಟ ಅಕ್ಕಿ ಜಾಸ್ತಿ ಹಾಕುವ ಕೈ ಇನ್ನೂ ನಿಂತಿಲ್ಲ.

ಜೂನ್ 24, ಬುಧವಾರ

ಡಬ್ಬಿಯಲ್ಲಿ ನಾಲ್ಕೇ ಚೀಟಿ. ನಾಟಕ ಹಳಸುತ್ತಾ ಬಂತು. ನಾಲ್ಕನೆಯದು — ಈ ಸಲ ಬಲಗೈ, ನೇರ ಸಾಲು, ಕೆಳಗೆ ‘ಇಂತಿ ನಿನ್ನ ಮಗಳು’ ಅಂತಲೂ ಇದೆ.

“ತಪ್ಪು ಮಾಡಿದ ಅಪ್ಪನ ಮೇಲೆ ಮೊದಲಿನಷ್ಟೇ ಪ್ರೀತಿ ಇಟ್ಟುಕೊಳ್ಳಬಹುದಾ? ನಾಟಕದಲ್ಲಿ ಇದು ಬರುವುದಿಲ್ಲ. ಸುಮ್ಮನೆ ಕೇಳುತ್ತಿದ್ದೇನೆ.”

ಶನಿವಾರದವರೆಗೆ ಯಾರು ಕಾಯುತ್ತಾರೆ. ಮೇಡಂಗೆ ಹೇಳಿ ಎದ್ದೆ. ತಂಗಿಯ ಮನೆ ತಲುಪುವಾಗ ಉಸಿರು ಬಾಯಿಗೆ ಬಂದಿತ್ತು. ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂತಿದ್ದಳು.

“ಇಟ್ಕೋಬಹುದು” ಅಂದೆ. “ನಾನು ಇಟ್ಕೊಂಡಿಲ್ವಾ?”

ಮುಖ ನನ್ನ ಹೊಟ್ಟೆಗೆ ಒತ್ತಿದಳು. ಹದಿನಾರು ವರ್ಷದ ಹುಡುಗಿಯ ತೂಕ, ಎರಡು ವರ್ಷದ ಮಗುವಿನ ಹಿಡಿತ.

ಮನೆಗೆ ನಡೆದೇ ಬಂದೆವು. ದಾರಿಯಲ್ಲಿ ಹೇಳಿದಳು, ಮೋಟಾರ್ ಅಂಗಡಿಯ ಮುಂದೆ ಮೂರು ದಿನ ಹೋಗಿ ನಿಂತಿದ್ದಳಂತೆ. ಒಳಗೆ ಹೋಗಲು ಆಗಲಿಲ್ಲವಂತೆ. “ಸಾರಿ ಅನ್ನೋದು ಬಾಯಿಗೇ ಬರ್ಲಿಲ್ಲ ಅಮ್ಮಾ. ಅಷ್ಟು ದೊಡ್ಡ ಪದ ಬರ್ದವಳು ಇಷ್ಟು ಚಿಕ್ಕದು ಹೇಳೋಕಾಗ್ದೆ ವಾಪಸ್ ಬಂದೆ.” ಸ್ವಲ್ಪ ದೂರ ನಡೆದ ಮೇಲೆ ಅವಳೇ — “ಕರೆಂಟ್ ಆಫೀಸಿಗೆ ಬರಿ. ಇದ್ದದ್ದನ್ನ ಇದ್ದಂಗೆ.”

“ಪೆನ್ಷನ್ ನಿಲ್ಬಹುದು.”

“ಬೋರ್ಡಲ್ಲಿ ಎಲ್ರಿಗೂ ಉತ್ತರ ಬರೀತೀಯಲ್ಲ. ಇದನ್ನೂ ಬರಿ.”

ಜೂನ್ 26, ಶುಕ್ರವಾರ

ಬರೆದೆ. ಒಂದೂವರೆ ಪುಟ. ಮಗಳು ತಪ್ಪು ತಿದ್ದಿದಳು, ಎರಡು ಕಡೆ ‘ನಾವು’ ಇದ್ದದ್ದನ್ನು ‘ನಾನು’ ಮಾಡಿದಳು. ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ. ರಸೀದಿ ಮಡಚಿ ಪರ್ಸಿನಲ್ಲಿಟ್ಟೆ. ಏನಾಗುತ್ತದೋ. ನಾಳೆಯಿಂದ ಹೆದರುತ್ತೇನೆ, ಇವತ್ತು ಬೇಡ.

ಸಂಜೆ ಅವನಿಗೆ ಫೋನು ಮಾಡಿ ಹೇಳಿದೆ. ಆ ಕಡೆ ಓಡುತ್ತಿದ್ದ ಮೋಟಾರು ನಿಲ್ಲಿಸಿದ. ಆಮೇಲೆ “ಯಾಕೆ ಮಾಡಿದ್ರಿ ಅತ್ತಿಗೆ… ಅವನ ಹೆಸ್ರು…” ಅಂದ. ಭಾನುವಾರ ಮನೆಗೆ ಬಾ, ಮಗಳು ಕರೀತಿದ್ದಾಳೆ ಅಂದೆ.

ಜೂನ್ 28, ಭಾನುವಾರ, ಮಧ್ಯಾಹ್ನ 3

ಬಂದ. ಇಸ್ತ್ರಿ ಮಾಡಿದ ಅಂಗಿ, ಕಾಲರಿನಲ್ಲಿ ಇನ್ನೂ ಸುಟ್ಟ ತಂತಿಯ ವಾಸನೆ. ಹೊಸ್ತಿಲಲ್ಲೇ ನಿಂತ. ಬಾಗಿಲು ತೆಗೆದವಳು ಮಗಳು. ನಾನು ಒಳಗೆ ಸುಮ್ಮಸುಮ್ಮನೆ ಲೋಟ ತೊಳೆದೆ.

“ಮಾಮ… ಆ ಶಟರ್…”

“ಹೋಯ್ತು ಬಿಡು. ನೀನು ಒಂದೇ ಕೋಟು ಹೊಡ್ದಿದ್ದೆ, ಬೇಗ ಹೋಯ್ತು.”

ಅವಳಿಗೆ ನಗುವೋ ಅಳುವೋ ತಿಳಿಯಲಿಲ್ಲ. ಅವನ ತೋಳು ಹಿಡಿದು ಒಳಗೆಳೆದಳು.

ಟೀ ಕುಡಿದ. ಲೋಟ ಕೆಳಗಿಡದೆ ಹೇಳಿದ, “ನಾನು ಕೇಳ್ದೆ ಹಾಕಿದ್ದು ಸುಳ್ಳಲ್ಲ ಮಗಾ. ಒಂದು ಫೋನ್ ಮಾಡಿದ್ರೆ ಆಗ್ತಿತ್ತು. ಅದೊಂದನ್ನ ನನ್ನಿಂದ ತೆಗೀಬೇಡ.”

“ತೆಗಿಯಲ್ಲ” ಅಂದಳು. ಆಮೇಲೆ ಕೇಳಿದಳು, ಇಷ್ಟು ವರ್ಷ ನಾನೂ ಕೇಳಲು ಹೆದರಿದ್ದನ್ನು. “ಅಪ್ಪ ಕೊನೆಗೆ ಫೋನಲ್ಲಿ ಏನಂದ್ರು? ಹತ್ತು ನಿಮಿಷ ಅಂದಿದ್ದು ಬಿಟ್ಟು.”

ಅವನು ಗೋಡೆ ನೋಡಿದ. “ನಿನ್ ವಿಷ್ಯನೇ. ಬೆಳಿಗ್ಗೆ ನೀನು ಸೈಕಲ್ ಬ್ಯಾಲೆನ್ಸ್ ಕಲ್ತಿದ್ದೆಯಂತೆ. ಹಿಂದೆ ಹಿಡ್ಕೊಂಡಿದೀನಿ ಹಿಡ್ಕೊಂಡಿದೀನಿ ಅಂತ ಹೇಳ್ತಾನೇ ಕೈ ಬಿಟ್ಟಿದ್ನಂತೆ. ‘ಲೋ, ಬೀದಿ ಕೊನೇತನಕ ಹೋದ್ಲು ಕಣೋ, ಒಬ್ಳೇ!’ ಅಂತ ಕೂಗಿದ. ಕಿವಿ ಕಿತ್ತೋಗೋ ಹಾಗೆ. ನಗ್ತಾನೇ ಕಂಬ ಹತ್ತೀನಿ ಅಂತ ಫೋನ್ ಇಟ್ಟ.”

ಮಗಳು ಅತ್ತಳು. ನಾಲ್ಕು ವರ್ಷದಲ್ಲಿ ಮೊದಲ ಸಲ, ಬಾಯಿ ಬಿಟ್ಟು, ಸಣ್ಣ ಮಕ್ಕಳ ಹಾಗೆ. ಅವನೂ. ನಾನು ಇಬ್ಬರ ನಡುವೆ ಕೂತು ಯಾರ ಬೆನ್ನು ಸವರಲಿ ಅಂತ ತಿಳಿಯದೆ ಎರಡೂ ಕೈ ಬಳಸಿದೆ.

ಈಗ ಇಬ್ಬರೂ ಹೊರಗೆ ಮೆಟ್ಟಿಲ ಮೇಲೆ. ಅವನು ಏನೋ ಹೇಳುತ್ತಿದ್ದಾನೆ, ಇವಳು ನಗುತ್ತಿದ್ದಾಳೆ. ಇವಳಪ್ಪ ಮದುವೆಗೆ ಮುಂಚೆ ಏನೇನು ಅವಾಂತರ ಮಾಡಿದ್ದರೋ, ನನಗೂ ಹೇಳದ್ದು. ಕಿಟಕಿಯ ಹತ್ತಿರ ಕೂತು ಬರೆಯುತ್ತಿದ್ದೇನೆ, ಅರ್ಧ ಕಿವಿ ಅತ್ತ…

“ಅಮ್ಮಾ, ನೀನೂ ಬಾರೇ ಹೊರಗೆ!”

ಒಂದು ನಿಮಿಷ, ಈ ಸಾಲು ಮುಗಿಸಿ—