ಲಡಿಯ ಗಂಟು ಬಿಚ್ಚುವುದಿಲ್ಲ

ಮನೋಳಿ
18 ನವೆಂಬರ್ 1998

ಪ್ರೀತಿಯ ಸ್ನೇಹಲ್‌ಗೆ ನೂರಬಿ ಚಾಚಿಯ ದುವಾ.

ನಿನ್ನ ಕಾಗದ ಸೋಮವಾರ ಬಂತು. ಜೊತೆಗಿಟ್ಟ ಒಪ್ಪಿಗೆ ಪತ್ರವೂ ಸಿಕ್ಕಿತು. ಸಹಿ ಮಾಡುವಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿದ್ದೀ. ನಾನು ಏಳನೇ ಇಯತ್ತೆ ಓದಿದವಳು, ಸಹಿ ಎಲ್ಲಿ ಮಾಡಬೇಕು ತಿಳಿಯುತ್ತದೆ. ಮಾಡುವುದಿಲ್ಲ.

ಅಣುವಿಜ್ಞಾನದ ಆ ಪತ್ರಿಕೆ ಗಿಡದ ಬಣ್ಣಗಳ ಮೇಲೆ ತರುವ ವಿಶೇಷ ಸಂಚಿಕೆಯಲ್ಲಿ ಅತಿಥಿ ಸಂಪಾದಕರು ಅಂತ ಇಬ್ಬರ ಹೆಸರು ಬರಬೇಕಾಗಿತ್ತು, ನನ್ನ ಫರೀನಳದು ಮತ್ತು ನಿನ್ನದು. ಈಗ ಅವಳ ಹೆಸರು ತೆಗೆದು ನಿಮ್ಮ ಗುರುಗಳಾದ ನಿಜಗುಣಪ್ಪ ಸರ್ ಹೆಸರು ಹಾಕುತ್ತಾರಂತೆ, ಅದಕ್ಕೆ ನನ್ನ ಒಪ್ಪಿಗೆ ಬೇಕಂತೆ. ನನ್ನ ಮಗಳಿಗೆ ಕೊನೆಯ ಪುಟದಲ್ಲಿ ಕಪ್ಪು ಗೆರೆಯ ಚೌಕಟ್ಟು, ಒಂದು ಫೋಟೋ, ನಾಲ್ಕು ಸಾಲು. ತೀರಿಕೊಂಡವರು ಸಂಪಾದಕರಾಗುವ ಪದ್ಧತಿ ಇಲ್ಲ ಅಂತ ಸರ್ ಅಂದರಂತೆ. "ಚಾಚಿ, ಅದು ಗೌರವದ ಪುಟ" ಅಂತ ನೀನು ಬರೆದಿದ್ದೀ. ಗೌರವ ಬೇಡ ಮಗಳೇ. ಅವಳು ಕೆಲಸ ಮಾಡಿದ್ದಾಳೆ, ಹೆಸರು ಬೇಕು.

ಅವಳು ಹೋಗಿ ಇವತ್ತಿಗೆ ಎಪ್ಪತ್ತೊಂದು ದಿನ. ನನಗೆ ಮಾತು ಕಡಿಮೆ, ನಿನಗೆ ಗೊತ್ತು. ದಿನಚರಿ ಮಾತ್ರ ಬಿಟ್ಟಿಲ್ಲ. ಮೊದಲು ಅದರಲ್ಲಿ ಯಾವ ನೇಕಾರನ ನೂಲು ಬಣ್ಣಕ್ಕೆ ಬಂತು, ನವಿಲುತೀರ್ಥದ ಆಣೆಕಟ್ಟಿನಿಂದ ಹೊಳೆಗೆ ನೀರು ಬಿಟ್ಟರೋ ಇಲ್ಲವೋ, ನೂಲು ತೊಳೆಯಲು ಆಯಿತೋ, ಇಷ್ಟೇ ಇರುತ್ತಿತ್ತು. ಆಮೇಲೆ ನಿಮ್ಮ ಸಂಚಿಕೆಯೂ ಅದರೊಳಗೆ ಬಂತು.

ತೆಗೆದು ನೋಡಿದೆ. ಎರಡು ವರ್ಷದ ಹಿಂದೆ, ಫೆಬ್ರುವರಿಯ ಒಂದು ರವಿವಾರ ನೀವಿಬ್ಬರೂ ನಮ್ಮ ಪಡಸಾಲೆಯಲ್ಲಿ ಚುರುಮರಿ ತಿನ್ನುತ್ತ ಮೊದಲ ಅರ್ಜಿ ಬರೆದಿರಿ. ಇದೇನು ಅಂತ ನಾನು ಕೇಳಿದೆ. "ಅಮ್ಮಾ, ಪತ್ರಿಕೆ ಅವರದು, ಒಂದ ಸಂಚಿಕೆ ನಮಗ ಬಿಟ್ಟುಕೊಡ್ರಿ ಅಂತ ಕೇಳಾಕತ್ತೇವಿ. ಯಾರ ಕಡೆ ಲೇಖನ ಬರಸೂದು, ಯಾರ ಕಡೆ ತಪಾಸಣಿ ಮಾಡಸೂದು, ಯಾವುದು ಹಾಕೂದು, ಯಾವುದು ಬಿಡೂದು, ಎಲ್ಲಾ ನಮ್ಮ ಜವಾಬ್ದಾರಿ" ಅಂತ ಫರೀನ್ ಹೇಳಿದಳು. ಆಗ ನಿನ್ನ ಚಾಚಾ ನೂಲು ಅದ್ದುವ ಹರವಿ ತೋರಿಸಿ, "ಅಂದ್ರ ಹರವಿ ಅವರದು, ಬಣ್ಣ ನಿಮ್ಮದು. ಕೆಟ್ಟರ ಬೈಗಳಾನೂ ನಿಮ್ಮದ!" ಅಂದರು. ನೀನು ನಕ್ಕು ಚುರುಮರಿ ನೆತ್ತಿಗೆ ಹತ್ತಿ ಕೆಮ್ಮಿದೆ. ಅದನ್ನೂ ಬರೆದಿದ್ದೇನೆ.

ಆ ಅರ್ಜಿ ವಾಪಸ್ ಬಂತು. ಗಿಡದ ಬಣ್ಣ ಅಂದರೆ ವಿಜ್ಞಾನವೋ ಕೈಕಸುಬೋ ಅಂತ ಕೇಳಿದ್ದರು. ನಿಜಗುಣಪ್ಪ ಸರ್ ಆಗ ಏನು ಅಂದಿದ್ದರು, ಮರೆತೆಯಾ? "ಬಣ್ಣಗಾರರ ಮಗಳು ಬಣ್ಣ ಬಿಟ್ಟು ಬ್ಯಾರೆ ಏನರ ಮಾಡವಾ" ಅಂದಿದ್ದರು. ಫರೀನ್ ಮನೆಗೆ ಬಂದು ಅಳಲಿಲ್ಲ. ಅಪ್ಪನ ನೀಲಿ ಹರವಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ನೂಲು ಹರವಿಯಿಂದ ಹಸಿರು ಹಳದಿಯಾಗಿ ಏಳುತ್ತದೆ, ಗಾಳಿ ತಾಗಿದ ಕೂಡಲೇ ಕಣ್ಣೆದುರೇ ನೀಲಿ ಆಗುತ್ತದೆ. ಆ ಹೊತ್ತಿನಲ್ಲಿ ಅಣುವಿನೊಳಗೆ ಏನು ನಡೆಯುತ್ತದೆ ಅಂತ ಕೇಳುವುದು ವಿಜ್ಞಾನವಲ್ಲದೆ ಮತ್ತೇನು ಅಂತ ಎರಡನೇ ಅರ್ಜಿ ಬರೆದಳು. ಅದಕ್ಕೆ ಅವರು ಒಪ್ಪಿದರು.

ಆಮೇಲೆ ಅವಳ ಕಿಡ್ನಿ ಕೆಟ್ಟವು. ಹೊರಸಿನ ಮೇಲೆ ಮಲಗಿಯೇ ಹದಿನಾಲ್ಕು ಲೇಖನ ಓದಿದಳು. ಕೈ ಬಾತು ಪೆನ್ನು ನಿಲ್ಲುತ್ತಿರಲಿಲ್ಲ, ನಾನು ಪೆನ್ನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟೆ. ಅವಳು ಬರೆದ ಒಂದೊಂದು ಕಾಗದವನ್ನೂ ನಾನೇ ಅಂಚೆಗೆ ಒಯ್ದೆ. "ನೂರಬಿ, ನಿಮ್ಮ ಮನಿ ನಮ್ಮ ಪೋಸ್ಟ್ ಆಫೀಸಿಗಿಂತ ದೊಡ್ಡದಾತು ಬಿಡ್ರಿ" ಅಂತ ಅಂಚೆಯ ಜಟ್ಟೆಪ್ಪ ನಗುತ್ತಿದ್ದ. ಯಾವ ದಿನ ಯಾರಿಗೆ ಹೋಯಿತು, ಎಲ್ಲ ಬರೆದಿಟ್ಟಿದ್ದೇನೆ. ಆ ಪುಟಗಳಲ್ಲಿ ನಿಜಗುಣಪ್ಪ ಸರ್ ಕೈಕೆಲಸ ಎಲ್ಲೂ ಇಲ್ಲ.

ನಮ್ಮ ಮನೆಯ ಒಂದು ರೀತಿ ನಿನಗೆ ಗೊತ್ತಿದೆ. ಬಣ್ಣಕ್ಕೆ ಬಂದ ಪ್ರತಿ ಲಡಿ ನೂಲಿಗೂ ಅದನ್ನು ತಂದವರ ಗುರುತಿನ ದಾರ ಗಂಟು ಹಾಕಿ ಕಟ್ಟುತ್ತೇವೆ. ಬಣ್ಣದಲ್ಲಿ ಅದ್ದಿದರೂ ಹೊಳೆಯಲ್ಲಿ ತೊಳೆದರೂ ಆ ಗಂಟು ಬಿಚ್ಚುವುದಿಲ್ಲ, ತಂದವರ ಮನೆಯಲ್ಲೇ ಬಿಚ್ಚಬೇಕು. ರಾಮದುರ್ಗದ ನೇಕಾರ ಮಲಕಾಜಪ್ಪ ತೀರಿಕೊಂಡಾಗ ಅವನ ನೂಲು ನಮ್ಮ ಹರವಿಯಲ್ಲಿತ್ತು. ಅವನ ಅಣ್ಣ ಬಂದು, "ಸತ್ತವನಿಗೆ ನೂಲು ಯಾಕ, ನನ್ನ ಗಂಟು ಹಾಕ್ರಿ" ಅಂದ. ನಿನ್ನ ಚಾಚಾ ನೂಲು ಒಣಗಿಸಿ, ಬಸ್ಸು ಹತ್ತಿ ಹೋಗಿ ಮಲಕಾಜಪ್ಪನ ಹೆಂಡತಿ ಬಾಯವ್ವನ ಕೈಗೆ ಕೊಟ್ಟು ಬಂದರು. ಆ ನೂಲಿನ ಸೀರೆಯನ್ನು ಬಾಯವ್ವನೇ ನೇಯ್ದಳು. ಸತ್ತವರ ಗಂಟು ಬಿಚ್ಚದ ಮನೆ ಇದು. ನನ್ನ ಮಗಳ ಗಂಟನ್ನು ನಾನೇ ಬಿಚ್ಚಿ ಕೊಡಲೇ?

ಪತ್ರಿಕೆಯ ಕಚೇರಿಗೆ ನಾನೇ ಕಾಗದ ಬರೆದಿದ್ದೇನೆ, ಕನ್ನಡದಲ್ಲಿ. ದಿನಚರಿಯ ಪುಟಗಳನ್ನು ಕೈಯಿಂದ ನಕಲು ಮಾಡಿ ಜೊತೆಗಿಟ್ಟಿದ್ದೇನೆ. ಓದಲು ಬಾರದಿದ್ದರೆ ಓದುವವರನ್ನು ಹುಡುಕಿಕೊಳ್ಳಲಿ. ನನ್ನ ಮಗಳು ಅವರ ಇಂಗ್ಲಿಷ್ ಕಲಿಯಲಿಲ್ಲವೇ?

ಫರೀನ್ ಹೋದ ಮೇಲೆ ನಿನ್ನ ಚಾಚಾ ನೀಲಿ ಹರವಿಯ ಮುಚ್ಚಳ ತೆಗೆದಿಲ್ಲ. ನಾನೂ ತೆಗೆಯಿರಿ ಅಂದಿಲ್ಲ. ಅವಳ ಹೆಸರಿನ ಸಂಚಿಕೆ ಬಂದ ದಿನ ತೆಗೆಯಿರಿ ಅನ್ನುತ್ತೇನೆ. ನಿನ್ನ ಅವ್ವ ತಾಯವ್ವನಿಗೆ ಸಲಾಂ ಹೇಳು.

ನಿನ್ನ ಚಾಚಿ,
ನೂರಬಿ ಬುಡನಸಾಬ ಬಣ್ಣಗಾರ

ತಾ.ಕ.: ಒಂದು ಮಾತು ನಿನ್ನಿಂದ ಮುಚ್ಚಿಟ್ಟಿದ್ದೆ. ತೀರಿಕೊಳ್ಳುವ ಹಿಂದಿನ ದಿನ ಫರೀನ್ ಅಂಚೆಗೆ ಹಾಕು ಅಂತ ಒಂದು ಲಕೋಟೆ ಕೊಟ್ಟಿದ್ದಳು. "ಇದು ಸರ್‌ಗೆ. ದಾಳಿಂಬಿ ಸಿಪ್ಪಿ ಬಣ್ಣದ ಅವರ ಲೇಖನ ವಾಪಸ್. ತಪಾಸಣಿ ಮಾಡಿದ ಇಬ್ಬರೂ ಒಪ್ಪಿಲ್ಲಮ್ಮಾ, ಸರ್ ಹಳದಿ ಒಗತಕ್ಕ ನಿಲ್ಲೂದಿಲ್ಲ" ಅಂತ ನಕ್ಕಳು. ಸಹಿ ತನ್ನದೊಂದೇ ಹಾಕಿದ್ದಳು. "ಸ್ನೇಹಲ್‌ಗ ಹೇಳಬ್ಯಾಡ, ಅಕಿ ನೌಕರಿ ಅವರ ಕೈಯಾಗ ಐತಿ" ಅಂದಳು. ಮೂರನೇ ದಿನದ ಜಿಯಾರತ್ ಪ್ರಾರ್ಥನೆಗೆ ಸರ್ ಬಂದು ಅತ್ತರು, ಕೆಲಸ ನಿಲ್ಲಬಾರದು ಅಂತ ಸಂಚಿಕೆಯ ಫೈಲು ಕೇಳಿದರು. ಕೊಟ್ಟೆ. ಅಳುವವರ ಕೈಗೆ ಆ ಲಕೋಟೆ ಹೇಗೆ ಕೊಡಲಿ ಅಂತ ದಿನಚರಿಯೊಳಗೇ ಇಟ್ಟುಕೊಂಡೆ. ತಪ್ಪು ನನ್ನದು. ಅವರ ಲೇಖನವೇ ಸಂಚಿಕೆಯಲ್ಲಿ ಮೊದಲನೆಯದು ಅಂತ ನಿನ್ನ ಕಾಗದದಿಂದಲೇ ತಿಳಿಯಿತು. ಇವತ್ತು ಬೆಳಿಗ್ಗೆ ಆ ಲಕೋಟೆಯನ್ನು ರಿಜಿಸ್ಟರ್ ಮಾಡಿ ಸರ್‌ಗೆ ಕಳಿಸಿದೆ, ಅದರೊಳಗಿನ ಕಾಗದದ ಝೆರಾಕ್ಸ್ ಪತ್ರಿಕೆಯ ಕಚೇರಿಗೆ. ಎರಡರ ಮೇಲೂ ಕಳಿಸಿದವರ ಹೆಸರು ನನ್ನದೇ ಇದೆ. ನಿನ್ನನ್ನು ಯಾರಾದರೂ ಕೇಳಿದರೆ "ನನಗೇನೂ ಗೊತ್ತಿರಲಿಲ್ಲ" ಅನ್ನು, ಅದು ನಿಜ. ನಿನಗೆ ಹೇಳಬೇಡ ಅಂದು ಫರೀನ್ ಆ ಮಾತನ್ನು ನಿನಗಾಗಿ ನಿಜವಾಗಿಯೇ ಉಳಿಸಿ ಹೋಗಿದ್ದಾಳೆ.